ಹೊಸ ಲಾನ್‌ಗೆ ನೀರು: ಮೇಲೆ ಒದ್ದೆಯಾದ್ರೆ ಸಾಲದು, ಅಡಿಮಣ್ಣು ನೆನೀಬೇಕು



ತೋಟದ ಕೆಲಸದ ಜೊತೆಗೆ ಹೋಮ್‌ಸ್ಟೇ, ಫಾರ್ಮ್‌ಹೌಸ್‌ಗಳಿಗೆ ಲಾನ್ ಹಾಕಿಕೊಡುವ ಕೆಲಸ ಹಿಡಿದಿರುವವರು ನಿಮ್ಮಲ್ಲೂ ಇರಬಹುದು. ನಾನೂ ಹಾಗೇ ಶುರು ಮಾಡಿದ್ದು. ಮೊದಲ ಕೆಲಸದಲ್ಲೇ ಕೈ ಸುಟ್ಟುಕೊಂಡೆ.

ಮಾರ್ಚ್ ತಿಂಗಳು, 1000 ಚದರ ಅಡಿ ಜಾಗ, ಮೆಕ್ಸಿಕನ್ ಗ್ರಾಸ್ ಶೀಟ್. ಹಾಸಿ ಮುಗಿಸಿ, ಅಲ್ಲಿನ ಹುಡುಗನಿಗೆ 'ದಿನಾ ನೀರು ಹಾಕಪ್ಪ' ಅಂತ ಹೇಳಿ ಬಂದೆ. ಅವನು ದಿನಾ ಸಂಜೆ ಹತ್ತು ನಿಮಿಷ ಪೈಪ್ ಹಿಡಿದಿದ್ದ. ಹತ್ತು ದಿನಕ್ಕೆ ಅಂಚೆಲ್ಲ ಹಳದಿ. ಒಂದು ಶೀಟ್ ಎತ್ತಿ ನೋಡಿದ್ರೆ ಕೆಳಗೆ ಮಣ್ಣು ಹಿಟ್ಟಿನ ಹಾಗೆ ಒಣಗಿತ್ತು. ಮೂರನೇ ಒಂದು ಭಾಗ ನನ್ನ ಖರ್ಚಲ್ಲೇ ಮತ್ತೆ ಹಾಸಬೇಕಾಯ್ತು. ತಪ್ಪು ಹುಡುಗನದ್ದಲ್ಲ, ನನ್ನದು. ಎಷ್ಟು ನೀರು ಅಂತ ನಾನು ಹೇಳಿರಲೇ ಇಲ್ಲ.

ಯಾಕೆ ಹೀಗಾಗುತ್ತೆ?

ಶೀಟ್ ಕತ್ತರಿಸುವಾಗ ಹುಲ್ಲಿನ ಬಹುಪಾಲು ಬೇರು ಹೋಗಿರುತ್ತೆ. ಉಳಿಯೋದು ಒಂದಿಂಚಿನಷ್ಟು ಮಣ್ಣಿನಲ್ಲಿರುವ ಬೇರು ಮಾತ್ರ. ಬಿಸಿಲಿಗೆ ಅದು ಅರ್ಧ ದಿನದಲ್ಲಿ ಒಣಗಬಹುದು. ಕೆಳಗಿನ ಮಣ್ಣು ಹಸಿಯಾಗಿದ್ರೆ ಹೊಸ ಬೇರು ಇಳಿಯುತ್ತೆ, ಇಲ್ಲದಿದ್ರೆ ಇಳಿಯೋದಿಲ್ಲ.

ಲೆಕ್ಕ ಸುಲಭ

ಒಂದು ಚದರ ಮೀಟರ್‌ಗೆ 1 ಲೀಟರ್ ಹಾಕಿದ್ರೆ ಅದು 1 ಮಿ.ಮೀ. ನೀರು. 1000 ಚದರ ಅಡಿ ಅಂದ್ರೆ ಸುಮಾರು 93 ಚದರ ಮೀಟರ್. ಹಾಗಾಗಿ 5 ಮಿ.ಮೀ. ಕೊಡಲು ಸುಮಾರು 465 ಲೀಟರ್ ಬೇಕು.

ನಿಮ್ಮ ಪೈಪ್‌ನಲ್ಲಿ 20 ಲೀಟರ್ ಕ್ಯಾನ್ ತುಂಬೋಕೆ ಎಷ್ಟು ಹೊತ್ತು ಬೇಕು ಅಂತ ಮೊಬೈಲ್‌ನ ಸ್ಟಾಪ್‌ವಾಚ್‌ನಲ್ಲಿ ನೋಡಿ. ಒಂದು ನಿಮಿಷ ಆದ್ರೆ, 465 ಲೀಟರ್‌ಗೆ 23 ನಿಮಿಷ ಬೇಕು. ನನ್ನ ಹತ್ತು ನಿಮಿಷ ಯಾಕೆ ಸಾಲಲಿಲ್ಲ ಅಂತ ಈಗ ಗೊತ್ತಾಯ್ತಲ್ಲ?

ಯಾವಾಗ, ಎಷ್ಟು?

- ಹಾಸುವ ಮುಂಚೆ: ಮಣ್ಣನ್ನು ಹದವಾಗಿ ನೆನೆಸಿ. ಕೆಸರು ಮಾಡಬೇಡಿ.
- ಮೊದಲ ದಿನ: ಹಾಸಿದ ಅರ್ಧ ಗಂಟೆಯೊಳಗೆ ನೀರು ಶುರುವಾಗಲಿ. ಸುಮಾರು 15 ಮಿ.ಮೀ., ಅಂದ್ರೆ 1400 ಲೀಟರ್. ಕೆಳಗಿನ ಮಣ್ಣು ನಾಲ್ಕು ಇಂಚು ನೆನೀಬೇಕು.
- ಮೊದಲ ವಾರ: ದಿನಕ್ಕೆ ಎರಡು ಸಲ, 4-5 ಮಿ.ಮೀ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ.
- ಎರಡನೇ ವಾರ: ಬೆಳಗ್ಗೆ ಒಂದೇ ಸಲ, 6-8 ಮಿ.ಮೀ.
- ಮೂರನೇ ವಾರ: ದಿನ ಬಿಟ್ಟು ದಿನ, 10 ಮಿ.ಮೀ.
- ತಿಂಗಳಾದ ಮೇಲೆ: ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, 12-15 ಮಿ.ಮೀ.

ಗಮನಿಸಿ, ಸಲಗಳು ಕಡಿಮೆಯಾಗ್ತಾ ಹೋದ ಹಾಗೆ ಪ್ರತಿ ಸಲದ ನೀರು ಜಾಸ್ತಿಯಾಗುತ್ತೆ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸ್ತಾ ಇದ್ರೆ ಬೇರು ಮೇಲೇ ಉಳಿಯುತ್ತೆ. ಮಳೆ ಬಂದ್ರೆ ಆ ದಿನದ ಲೆಕ್ಕದಿಂದ ಕಳೀರಿ.

ಕಪ್ಪು ಮಣ್ಣು ನೀರನ್ನು ನಿಧಾನ ಹೀರುತ್ತೆ. ನೀರು ಹರಿದು ಹೋಗೋಕೆ ಶುರುವಾದ್ರೆ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಉಳಿದದ್ದು ಕೊಡಿ. ಮರಳು ಮಿಶ್ರಿತ ಕೆಂಪು ಮಣ್ಣು ಬೇಗ ಒಣಗುತ್ತೆ, ಅಲ್ಲಿ ಸ್ವಲ್ಪ ಸ್ವಲ್ಪ ನೀರನ್ನು ಹೆಚ್ಚು ಸಲ ಕೊಡಿ.

ಕೈಯಿಂದ ಪರೀಕ್ಷೆ ಮಾಡಿ

ಮೊದಲ ವಾರ ದಿನಾ ಒಂದು ಶೀಟ್‌ನ ಮೂಲೆ ಮೆಲ್ಲಗೆ ಎತ್ತಿ ಕೆಳಗಿನ ಮಣ್ಣು ಮುಟ್ಟಿ. ಬೆರಳಿಗೆ ತಂಪಾಗಿ ಅಂಟಿದ್ರೆ ಸರಿ. ಕಾಲಿಟ್ರೆ ಪಚಪಚ ಅಂದ್ರೆ ನೀರು ಜಾಸ್ತಿಯಾಗಿದೆ. ಅಂಚು, ಜೋಡಣೆಗಳು ಮೊದಲು ಒಣಗೋದು, ಕಾಂಪೌಂಡ್ ಪಕ್ಕ ಇನ್ನೂ ಬೇಗ. ಅಲ್ಲಿಗೆ ಕೈಯಾರೆ ನೀರು ಬಿಡಿ.

ಹುಲ್ಲು ಬೂದು ಬಣ್ಣಕ್ಕೆ ತಿರುಗಿ, ಹೆಜ್ಜೆ ಗುರುತು ಹಾಗೇ ಉಳಿದ್ರೆ ಬಾಯಾರಿದೆ ಅಂತ ಅರ್ಥ. ಹಳದಿಯಾಗೋವರೆಗೆ ಕಾಯಬೇಡಿ. ರಾತ್ರಿಯಿಡೀ ಎಲೆ ಒದ್ದೆ ಇದ್ರೆ ಶಿಲೀಂಧ್ರ ರೋಗ ಬರುತ್ತೆ, ಆದ್ದರಿಂದ ಕತ್ತಲಾದ ಮೇಲೆ ನೀರು ಬೇಡ.

ಎರಡು-ಮೂರು ವಾರಕ್ಕೆ ಮೂಲೆ ಎಳೆದ್ರೂ ಶೀಟ್ ಏಳದಿದ್ರೆ ಬೇರು ಹಿಡಿದಿದೆ. ಮೊದಲ ಕಟಾವು ಆಮೇಲೆ, ಹಿಂದಿನ ದಿನ ನೀರು ನಿಲ್ಲಿಸಿ.

ಈಗ ನಾನು ಲಾನ್ ಹಾಸಿ ಬರುವಾಗ ನಿಮಿಷದ ಲೆಕ್ಕವನ್ನೂ ಬರೆದು ಕೊಟ್ಟು ಬರ್ತೀನಿ. ದಿನಾ ಒಂದು ಮೂಲೆ ಎತ್ತಿ ಫೋಟೋ ಕಳಿಸಿ ಅಂತಲೂ ಹೇಳ್ತೀನಿ. ನೀವೂ ಹಾಗೇ ಮಾಡಿ.