ಹೆಣ್ಣು ನಾಯಿಗೆ ಆಪರೇಷನ್: ಈಗಲೋ, ಒಂದು ಬೆದೆ ಕಳೆದ ಮೇಲೋ?

ನೀರಮಾನ್ವಿಯ ಓದುಗರೊಬ್ಬರು ಕೇಳಿದ್ದಾರೆ: “ನಮ್ಮ ಮನ್ಯಾಗ ಮುಧೋಳ ಜಾತಿ ಹೆಣ್ಣುಮರಿ ಐತ್ರಿ, ಆರು ತಿಂಗಳ ತುಂಬ್ಯಾವ. ಮರಿ ಆಗದಂಗ ಈಗ ಆಪರೇಷನ್ ಮಾಡಸ್ರಿ ಅಂತಾರ ಕೆಲವ್ರು. ನಮ್ಮಪ್ಪ, ಒಂದ್ಸಲ ಈಯ್ಲಿ ತಡಿ ಅಂತಾನ. ಯಾವಾಗ ಮಾಡಸ್ಬೇಕ್ರಿ?”

ಒಂದು ಸಲ ಈದರೆ ನಾಯಿಯ ಆರೋಗ್ಯಕ್ಕೆ ಒಳ್ಳೆಯದು ಎನ್ನಲು ಯಾವ ಆಧಾರವೂ ಇಲ್ಲ. ಆದರೆ ‘ತಡಿ’ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಎತ್ತು ಸಾಕಿದವರ ಅನುಭವವಿದೆ. ಹೋರಿಗೆ ಎಳೆತನದಲ್ಲೇ ಬೀಜ ಒಡೆಸಿದರೆ ಏನಾಗುತ್ತದೆ ಎಂದು ಮಾನ್ವಿ ಕಡೆಯ ಯಾವ ಒಕ್ಕಲಿಗನನ್ನು ಕೇಳಿದರೂ ಹೇಳುತ್ತಾನೆ. ಕಾಲು ಉದ್ದವಾಗುತ್ತದೆ, ಕುತ್ತಿಗೆ ತೆಳ್ಳಗೆ ಉಳಿಯುತ್ತದೆ, ಡುಬ್ಬ ಏಳುವುದಿಲ್ಲ, ನೊಗಕ್ಕೆ ಹೆಗಲು ನಿಲ್ಲುವುದಿಲ್ಲ. ಅದಕ್ಕೇ ಹೋರಿ ಬಲಿಯುವವರೆಗೆ ಕಾಯುತ್ತಾರೆ. ತೀರ ತಡವಾದರೆ ಹೋರಿ ಹಾಯುತ್ತದೆ, ಕೈಗೆ ಸಿಗುವುದಿಲ್ಲ. ಆದ್ದರಿಂದ ಬಲಿತದ್ದು ಕಂಡ ಮೇಲೆ ಸುಮ್ಮನೆ ದಿನ ದೂಡುವುದೂ ಇಲ್ಲ. ಮೈ ನೋಡಿ ಕಾಲ ಗೊತ್ತು ಮಾಡುವ ಈ ಲೆಕ್ಕವನ್ನು ನಾಯಿಗಳ ವಿಷಯದಲ್ಲಿ ವಿಜ್ಞಾನಿಗಳು ಅಂಕಿಅಂಶ ಹಿಡಿದು ಹೇಳಿದ್ದು ತೀರ ಇತ್ತೀಚೆಗೆ.

ಎಳೆಯ ಪ್ರಾಣಿಯ ಉದ್ದ ಮೂಳೆಗಳ ತುದಿಯ ಬಳಿ ಮೆತ್ತನೆಯ ಪಟ್ಟಿಗಳಿರುತ್ತವೆ. ಮೂಳೆ ಉದ್ದವಾಗುವುದು ಅಲ್ಲೇ. ಪ್ರಾಯ ಬಂದಾಗ ಲೈಂಗಿಕ ಹಾರ್ಮೋನುಗಳು ಆ ಪಟ್ಟಿಗಳನ್ನು ಗಟ್ಟಿ ಮಾಡಿ ಮುಚ್ಚುತ್ತವೆ. ಮುಖ್ಯ ಕೆಲಸ ಈಸ್ಟ್ರೋಜನ್‌ನದು, ಗಂಡಿನಲ್ಲೂ ಸಹ. ಇದು ಮನದಟ್ಟಾದದ್ದು ಒಬ್ಬ ಮನುಷ್ಯನಿಂದ. 1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಗಂಡಸೊಬ್ಬನ ಬಗ್ಗೆ ಬರೆದರು. ಎತ್ತರ 204 ಸೆಂಟಿಮೀಟರ್, ಆ ವಯಸ್ಸಿನಲ್ಲೂ ಬೆಳವಣಿಗೆ ನಿಂತಿರಲಿಲ್ಲ. ಅವನ ದೇಹದಲ್ಲಿ ಈಸ್ಟ್ರೋಜನ್ ಇತ್ತು, ಅದನ್ನು ಗುರುತಿಸುವ ಗ್ರಾಹಕ ಮಾತ್ರ ಕೆಟ್ಟಿತ್ತು. ಪಟ್ಟಿಗಳು ಮುಚ್ಚಿಕೊಳ್ಳಲೇ ಇಲ್ಲ. ಬೇಗ ಬೀಜ ಒಡೆಸಿದ ಹೋರಿಯ ಉದ್ದ ಕಾಲಿಗೂ ಕಾರಣ ಇದೇ. ಎಳೆತನದಲ್ಲಿ ಅಂಡಾಶಯ ತೆಗೆದ ನಾಯಿಯೂ ತುಸು ಹೆಚ್ಚು ಎತ್ತರ ಬೆಳೆಯುತ್ತದೆ.

ಎತ್ತರವಾದರೆ ತೊಂದರೆಯೇನು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಬೆಂಜಮಿನ್ ಹಾರ್ಟ್, ಲಿನೆಟ್ ಹಾರ್ಟ್ ಮತ್ತು ಸಂಗಡಿಗರು 2013ರಲ್ಲಿ 759 ಗೋಲ್ಡನ್ ರಿಟ್ರೀವರ್ ನಾಯಿಗಳ ಆಸ್ಪತ್ರೆ ದಾಖಲೆ ತೆಗೆದು ನೋಡಿದರು. ವರ್ಷ ತುಂಬುವ ಮೊದಲು ಆಪರೇಷನ್ ಆದ ಗಂಡುಗಳಲ್ಲಿ ಸೊಂಟದ ಕೀಲಿನ ದೋಷ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಮೊಣಕಾಲಿನ ಒಳನಾರು ಹರಿಯುವ ತೊಂದರೆ ಆಪರೇಷನ್ ಆಗದ ನಾಯಿಗಳಲ್ಲಿ ಒಂದಕ್ಕೂ ಇರಲಿಲ್ಲ, ಬೇಗ ಆದ ಹೆಣ್ಣುಗಳಲ್ಲಿ ಶೇ 8ರಷ್ಟಕ್ಕೆ ಬಂದಿತ್ತು. 2020ರ ಹೊತ್ತಿಗೆ ಅವರು 35 ತಳಿಗಳನ್ನು ನೋಡಿ ಮುಗಿಸಿದ್ದರು. ಸಣ್ಣ ತಳಿಗಳ ಕೀಲಿಗೆ ಬೇಗ ಮಾಡಿಸಿದ್ದರಿಂದ ಹಾನಿ ಕಾಣಲಿಲ್ಲ, ದೊಡ್ಡ ತಳಿಗಳು ಹಲವಕ್ಕೆ ಕಂಡಿತು. ಆ ಪಟ್ಟಿಯಲ್ಲಿ ನಮ್ಮ ಮುಧೋಳ ಇಲ್ಲ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಮುಧೋಳ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಓಟಕ್ಕಾಗಿಯೇ ಹುಟ್ಟಿದಂತಿರುವ, ಬೆಳೆದರೆ 20 ಕಿಲೋ ದಾಟುವ ಈ ನಾಯಿಯ ಕೀಲುಗಳ ಮೇಲೆ ಇಂಥದೇ ಅಧ್ಯಯನ ಅಲ್ಲಿಂದ ಬರಬೇಕು ಎಂಬುದು ನನ್ನ ಆಸೆ.

ಬೇಗ ಮಾಡಿಸಿ ಎನ್ನುವವರು ಕೊಡುವ ದೊಡ್ಡ ಕಾರಣ ಕೆಚ್ಚಲಿನ ಕ್ಯಾನ್ಸರ್. 1969ರಲ್ಲಿ ಶ್ನೈಡರ್ ಮತ್ತು ಜೊತೆಗಾರರು ಮೊದಲ ಬೆದೆಗೆ ಮುನ್ನ ಆದರೆ 0.5, ಒಂದು ಬೆದೆ ಕಳೆದ ಮೇಲೆ ಆದರೆ 8, ಎರಡು ಕಳೆದರೆ 26 ಎಂಬ ಶೇಕಡಾವಾರು ಲೆಕ್ಕ ಕೊಟ್ಟರು. ಇದನ್ನು ಎಲ್ಲೆಡೆ ತಪ್ಪಾಗಿ ಓದುತ್ತಾರೆ. ನೂರರಲ್ಲಿ ಎಂಟು ನಾಯಿಗೆ ಕ್ಯಾನ್ಸರ್ ಬರುತ್ತದೆ ಎಂದು ಇದರ ಅರ್ಥವಲ್ಲ. ಆಪರೇಷನ್ನೇ ಆಗದ ನಾಯಿಗೆ ಇರುವ ಅಪಾಯವನ್ನು ನೂರು ಎಂದಿಟ್ಟುಕೊಂಡರೆ, ಒಂದು ಬೆದೆ ಕಳೆದು ಮಾಡಿಸಿದ ನಾಯಿಗೆ ಉಳಿಯುವುದು ಎಂಟು ಪಾಲು. ಅಂದರೆ ಒಂದು ಬೆದೆ ಕಾದರೂ ರಕ್ಷಣೆಯ ಬಹುಪಾಲು ಸಿಗುತ್ತದೆ. 2012ರಲ್ಲಿ ಲಂಡನ್ನಿನ ಸಂಶೋಧಕರು ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿ, ಸಾಕ್ಷ್ಯವೇ ದುರ್ಬಲ ಎಂದರು.

ಹಾಗೆಂದು ಆಪರೇಷನ್ನೇ ಬೇಡವೆನ್ನುವುದು ತಪ್ಪು. ಬೆದೆ ಮೇಲೆ ಬೆದೆ ಕಳೆದ ಹೆಣ್ಣು ನಾಯಿಯ ಗರ್ಭಕೋಶದಲ್ಲಿ ಕೀವು ತುಂಬುವ ರೋಗವುಂಟು. ಸ್ವೀಡನ್ನಿನ ವಿಮಾ ದಾಖಲೆಗಳ ಪ್ರಕಾರ ಹತ್ತು ವರ್ಷದೊಳಗೆ ಸುಮಾರು ನಾಲ್ಕರಲ್ಲೊಂದು ಹೆಣ್ಣು ನಾಯಿಗೆ ಇದು ಬರುತ್ತದೆ, ಗಮನಿಸದಿದ್ದರೆ ಪ್ರಾಣವೇ ಹೋಗುತ್ತದೆ. ನಮ್ಮ ಬೀದಿಗಳಲ್ಲಿ ಇನ್ನೊಂದು ಅಪಾಯ, ಕೂಡುವಾಗ ಅಂಟುವ ಗೆಡ್ಡೆ. ಒಂದು ನಾಯಿಯ ಕ್ಯಾನ್ಸರ್ ಜೀವಕೋಶಗಳೇ ಇನ್ನೊಂದರ ಮೈಗೆ ದಾಟಿ ಬೆಳೆಯುತ್ತವೆ. 1876ರಲ್ಲೇ ರಷ್ಯಾದ ನೊವಿನ್‌ಸ್ಕಿ ಈ ಗೆಡ್ಡೆಯನ್ನು ನಾಯಿಯಿಂದ ನಾಯಿಗೆ ದಾಟಿಸಿ ತೋರಿಸಿದ್ದ.

ಈಗ ನೀರಮಾನ್ವಿಯ ಮರಿಯ ಮಾತು. ಮನೆಗೆ ಕಾಂಪೌಂಡ್ ಇದ್ದು, ಬೆದೆಯ ಮೂರು ವಾರ ಹಗಲು ರಾತ್ರಿ ಕಾಯಲು ಆಗುವುದಾದರೆ ಮೊದಲ ಬೆದೆ ಬರಲಿ. ಬೆದೆಯಲ್ಲಿದ್ದಾಗ ರಕ್ತನಾಳಗಳು ಉಬ್ಬಿರುವುದರಿಂದ ಆಗ ಬೇಡ, ಮುಗಿದು ಎರಡು ಮೂರು ತಿಂಗಳಾದ ಮೇಲೆ ಮಾಡಿಸಿ. ಅಷ್ಟರಲ್ಲಿ ಮೂಳೆಯೂ ಬಲಿತಿರುತ್ತದೆ. ಆಪರೇಷನ್ ಆದ ನಾಯಿ ಬೇಗ ಮೈ ಬಿಡುತ್ತದೆ, ರೊಟ್ಟಿ–ಹಾಲು ತುಸು ಕಡಿಮೆ ಹಾಕಿ. ನಾಯಿ ಹೊಲ, ಓಣಿ ಎಂದು ಬಿಡುಬೀಸಾಗಿ ತಿರುಗುವುದಾದರೆ ಕಾಯಬೇಡಿ, ಈ ತಿಂಗಳೇ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಕೂಡಿದ 63 ದಿನಕ್ಕೆ ಮರಿ ಹುಟ್ಟುತ್ತವೆ, ಅಷ್ಟನ್ನೂ ಸಾಕುವ ಮನೆಗಳು ಸಿಗುವುದಿಲ್ಲ. ಎರಡರಲ್ಲಿ ಯಾವುದನ್ನು ಆರಿಸಿದರೂ ಹುಚ್ಚುನಾಯಿ ರೋಗದ ಲಸಿಕೆಯನ್ನು ಮಾತ್ರ ಮುಂದೂಡಬೇಡಿ. ಅದನ್ನು ಮೂರು ತಿಂಗಳಿಗೇ ಹಾಕಿಸಬೇಕಿತ್ತು. ಆಗಿಲ್ಲದಿದ್ದರೆ ನಾಳೆಯೇ ಹಾಕಿಸಿ.