ಟೆಂಡರೂ ಒಳಕಲ್ಲು ತೀರ್ಥವೇ?

ಶಿವಗಂಗೆಯ ಒಳಕಲ್ಲು ತೀರ್ಥಕ್ಕೆ ಕೈ ಇಳಿಸಿದವರಿಗೆಲ್ಲ ನೀರು ತಾಕುವುದಿಲ್ಲ, ಪುಣ್ಯವಂತರಿಗಷ್ಟೇ ಸಿಗುತ್ತದೆ ಎಂಬುದು ಜನರ ನಂಬಿಕೆ. ಸರ್ಕಾರಿ ಟೆಂಡರೂ ಹಾಗೆಯೇ ಎಂದು ತಿಳಿದು ಕೈ ಇಳಿಸದೆಯೇ ಕೂತವರು ಈ ಬೆಟ್ಟದ ಸುತ್ತ ಬೇಕಾದಷ್ಟಿದ್ದಾರೆ.

ಕೆಳಗೆ ದಾಬಸ್‌ಪೇಟೆ, ಸೋಂಪುರದ ಕಡೆ ಕೈಗಾರಿಕಾ ಪ್ರದೇಶವೇ ಎದ್ದು ನಿಂತಿದೆ. ದೊಡ್ಡ ಕಾರ್ಖಾನೆಗಳ ನೆರಳಲ್ಲಿ ವೆಲ್ಡಿಂಗ್ ಶೆಡ್ಡು, ಲೇತ್ ಮೆಷಿನ್ನು, ಅಡುಗೆ ಕಂಟ್ರ್ಯಾಕ್ಟು ಇಟ್ಟುಕೊಂಡ ಸಣ್ಣಪುಟ್ಟವರ ಬದುಕು. ಶಾಲೆಗೆ ಡೆಸ್ಕು, ಆಸ್ಪತ್ರೆಗೆ ಮಂಚ ಬೇಕೆಂದು ಸರ್ಕಾರ ಟೆಂಡರು ಕರೆದರೆ ಇವರು ಹಾಕಬಾರದೇಕೆ? ಕೇಳಿ ನೋಡಿ. "ಅದೆಲ್ಲಾ ದೊಡ್ಡೋರ ಆಟ ಸ್ವಾಮಿ, ಮೊದ್ಲೇ ಫಿಕ್ಸ್ ಆಗಿರ್ತದೆ" ಎಂಬ ಉತ್ತರ ಸಿದ್ಧ.

ಫಿಕ್ಸ್ ಆಗುವುದೇ ಇಲ್ಲ ಎಂದು ನಂಬುವಷ್ಟು ಮುಗ್ಧರು ಯಾರೂ ಇಲ್ಲ ಬಿಡಿ. ಶೇ. 40 ಕಮಿಷನ್ ಕೇಳುತ್ತಾರೆಂದು ಆರೋಪಿಸಿ ರಾಜ್ಯ ಗುತ್ತಿಗೆದಾರರ ಸಂಘವೇ 2021ರಲ್ಲಿ ಪ್ರಧಾನಿಗೆ ಪತ್ರ ಬರೆದಿತ್ತು. ಆದರೆ ಸಣ್ಣವನು ಎಷ್ಟೋ ಸಲ ಆ ಮಟ್ಟಕ್ಕೆ ಹೋಗುವುದೇ ಇಲ್ಲ. ಅದಕ್ಕೂ ಮೊದಲೇ, ಕಾಗದದಲ್ಲೇ ಮುಗ್ಗರಿಸಿ ಬೀಳುತ್ತಾನೆ!

ರಾಜ್ಯ ಸರ್ಕಾರದ ಖರೀದಿ, ಕಾಮಗಾರಿಗೆಲ್ಲ 1999ರ ಪಾರದರ್ಶಕ ಕಾಯಿದೆಯೇ ಆಧಾರ. ಈಗ ಟೆಂಡರು ಬರುವುದು ಕಂಪ್ಯೂಟರಿನಲ್ಲಿ, ಅನೇಕ ಕಡೆ ಎರಡು ಲಕೋಟೆ ಪದ್ಧತಿಯಲ್ಲಿ. ಮೊದಲನೆಯದರಲ್ಲಿ ದಾಖಲೆ, ಎರಡನೆಯದರಲ್ಲಿ ದರ. ಮೊದಲ ಲಕೋಟೆಯಲ್ಲಿ ಒಂದು ಹಾಳೆ ಕೊರೆಯಾದರೂ ಸಾಕು, ನೀವು ಎಷ್ಟೇ ಅಗ್ಗಕ್ಕೆ ಬರೆದಿರಿ, ಎರಡನೆಯದನ್ನು ತೆರೆಯದೆ ಪಕ್ಕಕ್ಕಿಟ್ಟುಬಿಡಬಹುದು. ಜಿ.ಎಸ್.ಟಿ., ಪಾನ್, ಆಡಿಟರ್ ಸಹಿ ಮಾಡಿದ ವಹಿವಾಟಿನ ಪತ್ರ, ಕೇಳಿದಲ್ಲಿ ಪಿ.ಎಫ್., ಇ.ಎಸ್.ಐ. ನೋಂದಣಿ, ಇ.ಎಂ.ಡಿ. ಹಣ — ಇದನ್ನೆಲ್ಲ ಟೆಂಡರು ಕಂಡ ಮೇಲೆ ಹುಡುಕಹೊರಟವನು ಕೆಟ್ಟ. ವರ್ಷಪೂರ್ತಿ ಒಂದು ಫೈಲಿನಲ್ಲಿ ಅಣಿ ಮಾಡಿಟ್ಟುಕೊಂಡವನು ಬದುಕಿದ. ಕೊನೆಯ ದಿನ ಸಂಜೆಯವರೆಗೆ ಕಾಯುವುದು ಇನ್ನೊಂದು ಚಾಳಿ. ಮೊದಲಾದರೆ ಟೆಂಡರು ಪೆಟ್ಟಿಗೆ ಮುಂದೆ ಕೂತ ಗುಮಾಸ್ತರಿಗೆ "ಎರಡೇ ನಿಮಿಷ ಸಾರ್" ಎನ್ನಬಹುದಿತ್ತು. ಕಂಪ್ಯೂಟರಿಗೆ ದಾಕ್ಷಿಣ್ಯವಿಲ್ಲ.

ಡಿಜಿಟಲ್ ಸಹಿಯ ಮಾತನ್ನೂ ಇಲ್ಲೇ ಹೇಳಬೇಕು. ಆ ಪುಟ್ಟ ಟೋಕನ್ನನ್ನು ಪಾಸ್‌ವರ್ಡ್ ಸಮೇತ ಸೈಬರ್ ಅಂಗಡಿಯವನ ಡ್ರಾಯರಿನಲ್ಲಿ ಬಿಟ್ಟು ನಿಶ್ಚಿಂತೆಯಿಂದ ಮನೆಗೆ ಹೋಗುವ ಮಹಾಶಯರಿದ್ದಾರೆ. ರುಜು ಹಾಕಿದ ಖಾಲಿ ಚೆಕ್ಕು ಕೊಟ್ಟು ಬಂದ ಹಾಗಲ್ಲವೇ ಇದು? ನಿಮ್ಮ ದರ ಎದುರಾಳಿಗೆ ಹೇಗೆ ಗೊತ್ತಾಯಿತೆಂದು ಆಮೇಲೆ ತಲೆ ಕೆರೆದುಕೊಂಡು ಫಲವಿಲ್ಲ.

"ಮೊದಲು ಮಾಡಿದ ಕೆಲಸದ ಪ್ರಮಾಣಪತ್ರ ತನ್ನಿ ಅಂತಾರೆ, ಕೆಲಸ ಕೊಡದೆ ಎಲ್ಲಿಂದ ತರೋದು?" ಎಂಬ ಪ್ರಶ್ನೆ ನ್ಯಾಯವಾದದ್ದೇ. ದಾರಿ ಒಂದಿದೆ. ಸಣ್ಣ ಮೊತ್ತದ ಖರೀದಿ ಟೆಂಡರಿಲ್ಲದೆ ಕೊಟೇಶನ್ ಮೇಲೆ ನಡೆಯುತ್ತದೆ (ಮೂರು ಕೊಟೇಶನ್ನೂ ಒಂದೇ ಕೈಬರಹದಲ್ಲಿ ಬರುವ ಪವಾಡ ಎಲ್ಲರೂ ಬಲ್ಲದ್ದೇ!). ಪಂಚಾಯ್ತಿ, ಶಾಲೆಗಳಲ್ಲಿ ಅಂಥ ಒಂದೆರಡು ಕೆಲಸ ಮಾಡಿ, ತೃಪ್ತಿಕರವಾಗಿ ಮುಗಿಸಿದ್ದಾರೆಂಬ ಪತ್ರವನ್ನು ಆಗಲೇ ಕೇಳಿ ಪಡೆಯಬೇಕು. ವರ್ಷ ಕಳೆದು ಹೋದರೆ ಸಾಹೇಬರು ವರ್ಗವಾಗಿರುತ್ತಾರೆ, ಹೊಸಬರು "ನಂಗೇನ್ರೀ ಗೊತ್ತು" ಅನ್ನುತ್ತಾರೆ.

ಕಾಯಿದೆ ಕೊಟ್ಟ ಅನುಕೂಲಗಳೂ ಇವೆ, ಕೇಳುವವರು ಕಡಿಮೆ. ಕೇಂದ್ರದ 2012ರ ಖರೀದಿ ಆದೇಶದಂತೆ ಕೇಂದ್ರ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಒಂದು ಪಾಲನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದಲೇ ಕೊಳ್ಳಬೇಕು. ಆಗ ಶೇ. 20 ಇದ್ದದ್ದು 2019ರ ಏಪ್ರಿಲ್‌ನಿಂದ ಶೇ. 25 ಆಯಿತು. ಅದರಲ್ಲಿ ಪರಿಶಿಷ್ಟರ ಉದ್ದಿಮೆಗೆ ಶೇ. 4, ಮಹಿಳೆಯರದಕ್ಕೆ ಶೇ. 3. ಟೆಂಡರು ಫಾರಂ ಬಿಟ್ಟಿ, ಇ.ಎಂ.ಡಿ. ಮಾಫಿ. ದೊಡ್ಡ ಕಂಪನಿ 100 ರೂಪಾಯಿ ಬರೆದು ನೀವು 115ರ ಒಳಗಿದ್ದರೆ, ಅದೇ 100ಕ್ಕೆ ಇಳಿಯುತ್ತೀರಾ ಎಂದು ನಿಮ್ಮನ್ನು ಕೇಳಿ ಒಂದು ಪಾಲು ಕೊಡಬೇಕು. ಬಿ.ಇ.ಎಲ್., ರೈಲ್ವೆ, ಗುಬ್ಬಿ ತಾಲೂಕಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ, ಎಲ್ಲವೂ ಈ ಆದೇಶದ ಲೆಕ್ಕಕ್ಕೆ ಬರುವಂಥವೇ. ಇದಕ್ಕೆ ಬೇಕಾದದ್ದು ಉದ್ಯಮ್ ನೋಂದಣಿ. ಅದಕ್ಕೆ ಕಾಸು ಕೊಡಬೇಕಿಲ್ಲ, ಸಾವಿರಾರು ರೂಪಾಯಿ ಕೀಳುವ ದಲ್ಲಾಳಿಗಳಿದ್ದರೆ ದೂರವಿಡಿ. ತಂದು ಮಾರುವ ವ್ಯಾಪಾರಿಗಳಿಗೆ ಮಾತ್ರ ಈ ಸವಲತ್ತು ಇಲ್ಲ, ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗಷ್ಟೇ.

ರಾಜ್ಯದ ಕಾಮಗಾರಿಗಳಲ್ಲಿ ಬೇರೆ ಬಗೆಯ ಮೀಸಲಾತಿ ಇದೆ. ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ. 17.15, ಪಂಗಡದವರಿಗೆ ಶೇ. 6.95. ಇದು ಅನ್ವಯವಾಗುವ ಕಾಮಗಾರಿಯ ಮಿತಿ 2023ರಲ್ಲಿ 50 ಲಕ್ಷದಿಂದ ಒಂದು ಕೋಟಿಗೆ ಏರಿತು.

ಇನ್ನು ದರ. ಜಾತ್ರೆಯ ಅಂಗಡಿ ಹರಾಜು ಕೂಗಿ ಪಳಗಿದವರು ಎಡವುವುದು ಇಲ್ಲೇ. ಹರಾಜಿನಲ್ಲಿ ಹೆಚ್ಚು ಕೂಗಿದವನು ಗೆದ್ದ, ಎದುರಾಳಿ ಕಣ್ಣಮುಂದೆಯೇ ಇರುತ್ತಾನೆ. ಟೆಂಡರಿನಲ್ಲಿ ಕಡಿಮೆ ಬರೆದವನು ಗೆದ್ದ, ಎದುರಾಳಿ ಕಾಣುವುದೇ ಇಲ್ಲ. ಆ ಭಯಕ್ಕೇ ಕಬ್ಬಿಣದ ರೇಟು, ಕೂಲಿ ಇವೆರಡನ್ನೇ ಕೂಡಿಸಿ ಬರೆದುಬಿಡುತ್ತಾರೆ. ಲಾರಿ ಬಾಡಿಗೆ? ಇಳಿಸುವ ಹಮಾಲಿ? ಮುರಿದರೆ ವರ್ಷದೊಳಗೆ ರಿಪೇರಿ ಮಾಡಿಕೊಡಬೇಕೆಂಬ ಷರತ್ತು? ಹಿಡಿದಿಟ್ಟ ಭದ್ರತಾ ಠೇವಣಿ? ಎಲ್ಲಕ್ಕಿಂತ ಮಿಗಿಲಾಗಿ, ಬಿಲ್ಲು ಬರುವವರೆಗಿನ ಬಡ್ಡಿ? ಹತ್ತು ಲಕ್ಷದ ಬಿಲ್ಲು ಆರು ತಿಂಗಳು ತಡವಾದರೆ, ವರ್ಷಕ್ಕೆ ಶೇ. 18ರ ಸಾಲದ ಲೆಕ್ಕದಲ್ಲಿ 90 ಸಾವಿರ ರೂಪಾಯಿ ಬಡ್ಡಿಗೇ ಸಂದಾಯ. ಶೇ. 8 ಲಾಭವೆಂದುಕೊಂಡು ಟೆಂಡರು ಗೆದ್ದವನು ಹೆಂಡತಿಯ ಒಡವೆ ಅಡವಿಡುವುದು ಹೀಗೆ. ಕೆಲಸ ಸಿಗದಿದ್ದರೆ ಹೋಗುವುದು ಒಂದು ದಿನದ ಓಡಾಟ. ತಪ್ಪು ದರಕ್ಕೆ ಸಿಕ್ಕರೆ ಶೆಡ್ಡೇ ಹೋಗುತ್ತದೆ.

ತಡವಾದ ಹಣಕ್ಕೂ ಕಾನೂನಿದೆ. 2006ರ ಸಣ್ಣ ಉದ್ದಿಮೆ ಕಾಯಿದೆಯಂತೆ, ಸರಕು ಒಪ್ಪಿಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಸರ್ಕಾರಿ ಕಚೇರಿ ಅಂತ ವಿನಾಯಿತಿ ಇಲ್ಲ. ದೂರನ್ನು ಸೌಲಭ್ಯ ಮಂಡಳಿಗೆ ಕೊಡಬೇಕು. ಆದರೆ ಸರಕು ಕೊಟ್ಟಾದ ಮೇಲೆ ನೋಂದಣಿ ಮಾಡಿಸಿ ಹಳೇ ಬಿಲ್ಲಿಗೆ ಬಡ್ಡಿ ಕೇಳಲಾಗದೆಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದ್ದರಿಂದ ನೋಂದಣಿ ಮೊದಲು, ಸರಕು ಆಮೇಲೆ. ಕಟ್ಟಡ, ರಸ್ತೆಯಂಥ ಕಾಮಗಾರಿಗೆ ಈ ಕಾಯಿದೆ ಸಲ್ಲುತ್ತದೆಯೇ ಎಂಬ ಬಗ್ಗೆ ಕೋರ್ಟುಗಳಲ್ಲಿ ತಕರಾರೆದ್ದಿದೆ, ಅಂಥವರು ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಅನ್ಯಾಯವಾಗಿದೆ ಅನ್ನಿಸಿದರೆ ಹೋಟೆಲಿನಲ್ಲಿ ಕೂತು ಬೈದು ಪ್ರಯೋಜನವಿಲ್ಲ. 1999ರ ಕಾಯಿದೆಯ 16ನೇ ಕಲಮಿನಲ್ಲಿ ಮೇಲ್ಮನವಿಗೆ ಅವಕಾಶವಿದೆ. ಆದೇಶ ಕೈಗೆ ಬಂದ 30 ದಿನದೊಳಗೆ ಹಾಕಬೇಕು. ದಿನ ಎಣಿಸುವುದು ಆದೇಶ ತಲುಪಿದ ತಾರೀಖಿನಿಂದ, ಹಾಗಾಗಿ ಆ ಲಕೋಟೆಯನ್ನೂ ಎಸೆಯದೆ ಫೈಲಿಗೆ ಸೇರಿಸಿಡಿ.