ಮಿತವ್ಯಯದ ಪ್ರವಾಸಿಯೂ ಮೂರು ಪಟ್ಟಣಗಳ ವ್ಯಾಪಾರವೂ

ಬೆಂಗಳೂರು–ಮೈಸೂರು ನಡುವಣ 118 ಕಿ.ಮೀ. ಉದ್ದದ ದಶಪಥ ಹೆದ್ದಾರಿಯು 2023ರ ಮಾರ್ಚ್ 12ರಂದು ಮಂಡ್ಯ ಜಿಲ್ಲೆಯಲ್ಲಿಯೇ ಲೋಕಾರ್ಪಣೆಗೊಂಡಿತು. ಸುಮಾರು ಮೂರು ಗಂಟೆಯ ಪ್ರಯಾಣವು ಒಂದೂವರೆ ಗಂಟೆಗೆ ಇಳಿಯಿತೆಂಬುದು ಪ್ರಯಾಣಿಕರಿಗಾದ ಲಾಭ. ಆದರೆ ಈ ಹೆದ್ದಾರಿಯು ಮದ್ದೂರು ಮತ್ತು ಮಂಡ್ಯ ಪೇಟೆಗಳೊಳಗೆ ಇಳಿಯದೆ ಸಾಗುವುದರಿಂದ, ದಾರಿಯಲ್ಲಿ ನಿಂತು ಕಾಫಿ ಕುಡಿದು, ವಡೆ ಕಟ್ಟಿಸಿಕೊಂಡು, ಒಂದೆರಡು ಅಚ್ಚು ಬೆಲ್ಲ ಕೊಂಡು ಹೋಗುತ್ತಿದ್ದ ಗಿರಾಕಿಯು ಹಳೆಯ ರಸ್ತೆಯ ಹೋಟೆಲು, ಅಂಗಡಿಗಳಿಗೆ ದೂರವಾದನು. ಕಾರಿನ ಗಿರಾಕಿ ಮರಳಿ ಬರುವನೆಂದು ಕಾಯುವುದು ವ್ಯಾಪಾರದ ಲೆಕ್ಕಾಚಾರವಲ್ಲ. ಈಗ ಪೇಟೆಯೊಳಗೆ ಬಂದು ಇಳಿಯುತ್ತಿರುವವರು ಯಾರೆಂಬುದನ್ನು ಮೊದಲು ನೋಡಬೇಕಾಗಿದೆ.

ದ್ವಿಚಕ್ರ ವಾಹನ, ಆಟೊ ಮತ್ತು ಟ್ರ್ಯಾಕ್ಟರುಗಳನ್ನು 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯಪಥದಲ್ಲಿ ನಿಷೇಧಿಸಲಾಯಿತು. ಆದ್ದರಿಂದ ಬೈಕ್ ಸವಾರರಿಗೆ ಪಕ್ಕದ ಸೇವಾರಸ್ತೆಯೇ ಗತಿ. ಅದೇ ವರ್ಷದ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣ ತೆರದೆ ಪ್ರಯಾಣಿಸುವಂತಾಯಿತು. ಇನ್ನು ಮದ್ದೂರು, ಮಂಡ್ಯಗಳಿಗೆ ರೈಲು ಇದ್ದೇ ಇದೆ. ಬಸ್ಸಿನಲ್ಲಿ, ರೈಲಿನಲ್ಲಿ, ಬೈಕಿನಲ್ಲಿ ಬರುವ ಈ ಪ್ರವಾಸಿಯ ಕೈಯಲ್ಲಿ ಹೆಚ್ಚು ಹಣವಿರುವುದಿಲ್ಲ. ಅನೇಕ ವರ್ತಕರು ಅವನನ್ನು ಕಡೆಗಣ್ಣಿನಿಂದ ನೋಡುವುದು ಇದೇ ಕಾರಣಕ್ಕೆ.

ಈ ತಾತ್ಸಾರ ಸರಿಯಲ್ಲ. ರೆಸಾರ್ಟಿನಲ್ಲಿ ಊಟ, ವಸತಿ, ವಿಹಾರವೆಲ್ಲವನ್ನೂ ಒಂದೇ ಬಿಲ್ಲಿನಲ್ಲಿ ಮುಗಿಸುವವನ ಹಣ ಒಂದೇ ಗಲ್ಲಾಪೆಟ್ಟಿಗೆಗೆ ಸೇರುತ್ತದೆ. ಬಸ್ಸಿನಿಂದಿಳಿದವನು ಖರ್ಚು ಮಾಡುವುದು ಸ್ವಲ್ಪವೇ ಆದರೂ ತಿಂಡಿ, ಆಟೊ, ಎಳನೀರು, ಮಧ್ಯಾಹ್ನದ ಊಟ, ಮನೆಗೊಯ್ಯುವ ಪೊಟ್ಟಣ ಎಂದು ಅದನ್ನು ಏಳೆಂಟು ಕಡೆ ಹಂಚುತ್ತಾನೆ. ಮುಖ್ಯವಾಗಿ, ಅವನು ಪಟ್ಟಣದಲ್ಲಿ ಕಾಯಲೇಬೇಕು. ಮುಂದಿನ ಬಸ್ಸು ಬರುವವರೆಗಿನ ಆ ಹೊತ್ತು ವ್ಯಾಪಾರಿಯದು.

ಇದನ್ನು ಚೆನ್ನಾಗಿ ಅರಿತ ನಗರಗಳಲ್ಲಿ ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ರಾಜಧಾನಿ ಕೀಟೊ ಒಂದು. ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿ, ಸಮಭಾಜಕ ವೃತ್ತದ ಅಂಚಿನಲ್ಲಿಯೇ ಇರುವ ಈ ನಗರದ ಹಳೆಯ ಪೇಟೆಯು 1978ರಲ್ಲಿ ಯುನೆಸ್ಕೊ ಪ್ರಕಟಿಸಿದ ಮೊತ್ತಮೊದಲ ವಿಶ್ವಪರಂಪರೆಯ ಪಟ್ಟಿಯಲ್ಲಿತ್ತು. ಅಲ್ಲಿಗೆ ಬೆನ್ನಚೀಲ ಹೊತ್ತು ಬರುವ ಪ್ರವಾಸಿಗಳು ಬಹಳ. ಸಣ್ಣ ಹೋಟೆಲುಗಳು ಮಧ್ಯಾಹ್ನ ಸೂಪು, ಅನ್ನದ ತಟ್ಟೆ, ಹಣ್ಣಿನ ರಸವನ್ನು ಸೇರಿಸಿ ಗೊತ್ತಾದ ಒಂದೇ ಬೆಲೆಗೆ ಬಡಿಸುತ್ತವೆ. ಊರಿನ ನೌಕರನೂ ಪರದೇಶಿಯೂ ಉಣ್ಣುವುದು ಅದನ್ನೇ. 2023ರ ಡಿಸೆಂಬರಿನಲ್ಲಿ ಆರಂಭವಾದ ಮೆಟ್ರೊ ರೈಲಿನ ಟಿಕೆಟ್ ದರವನ್ನು 45 ಅಮೆರಿಕನ್ ಸೆಂಟ್ ಎಂದು ಗೊತ್ತುಪಡಿಸಲಾಯಿತು. ನಗರದ ಉತ್ತರಕ್ಕಿರುವ ‘ಭೂಮಿಯ ನಡುಮಧ್ಯ’ವೆಂಬ ಸ್ಮಾರಕಕ್ಕೆ ಸಾಮಾನ್ಯ ಬಸ್ಸುಗಳಲ್ಲಿಯೇ ಹೋಗಿಬರಬಹುದು. ಆ ಸ್ಮಾರಕದ ಗೆರೆಯು ನಿಜವಾದ ಸಮಭಾಜಕ ವೃತ್ತದಿಂದ ಇನ್ನೂರು ಮೀಟರಿಗೂ ಹೆಚ್ಚು ಆಚೆಗಿದೆ ಎಂಬುದು ಬೇರೆ ಮಾತು. ಜನ ಬರುವುದು ನಿಂತಿಲ್ಲ. ನಿಶ್ಚಿತ ಬೆಲೆಯ ಊಟ, ನೋಟದ ಬಾಗಿಲವರೆಗೂ ಸಾಮಾನ್ಯ ವಾಹನ: ಇವೆರಡರ ಮೇಲೆ ಅಲ್ಲಿನ ಮಿತವ್ಯಯದ ಪ್ರವಾಸ ನಿಂತಿದೆ.

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ನೋಟಗಳಿಗೆ ಬಡತನವಿಲ್ಲ. ಮದ್ದೂರಿನಲ್ಲಿ ಉಗ್ರನರಸಿಂಹಸ್ವಾಮಿ ಮತ್ತು ವರದರಾಜಸ್ವಾಮಿ ದೇವಾಲಯಗಳನ್ನೂ, 1938ರ ಏಪ್ರಿಲಿನಲ್ಲಿ ಧ್ವಜ ಸತ್ಯಾಗ್ರಹ ನಡೆದ ಶಿವಪುರದ ಸತ್ಯಾಗ್ರಹ ಸೌಧವನ್ನೂ ನೋಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಇದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಹುಣಿಸೆ, ಆಲದ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ವರ್ಷದ ಆರಂಭದಿಂದ ಬೇಸಿಗೆಯ ಕೊನೆಯವರೆಗೆ ಇದು ಅಲ್ಲಿನ ಕಾಲ. 2007ರಲ್ಲಿ ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಳ್ಳಿಗರು ಹಕ್ಕಿಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ; ಆದರೆ ಬಂದವರಿಗೆ ಒಂದು ಹೊತ್ತಿನ ಊಟವನ್ನು ಮಾರುವ ವ್ಯವಸ್ಥೆ ಹಕ್ಕಿಗಳ ಕೀರ್ತಿಗೆ ತಕ್ಕಂತೆ ಬೆಳೆದಿಲ್ಲ.

ಮದ್ದೂರು ವಡೆಯ ವಿಚಾರದಲ್ಲಿ ಕೊಂಚ ನಿಲ್ಲಬೇಕು. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುದ್ಯ ಎಂಬುವರು ಇದನ್ನು ಮೊದಲು ಕರಿದರೆಂಬುದು ಪ್ರಚಲಿತ ವೃತ್ತಾಂತ. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿಗಳ ಈ ತಿನಿಸಿಗೆ ಊರಿನ ಹೆಸರು ಅಂಟಿಕೊಂಡದ್ದು ರೈಲಿನ ಪ್ರಯಾಣಿಕರಿಂದ. ಇಂದು ಅದನ್ನು ಎಲ್ಲೆಡೆ ಕರಿಯುತ್ತಾರೆ, ಅದೇ ಹೆಸರಿನಲ್ಲಿ ಮಾರುತ್ತಾರೆ. ಈಕ್ವೆಡಾರಿನವರದು ಇದಕ್ಕಿಂತಲೂ ಕಷ್ಟದ ಕಥೆ. ಅಲ್ಲಿ ಹೆಣೆಯುವ ಹುಲ್ಲಿನ ಟೋಪಿಯು ಪನಾಮಾದ ಮೂಲಕ ಹಾದುಹೋಗುವವರಿಗೆ ಮಾರಾಟವಾದುದರಿಂದ ಲೋಕವೆಲ್ಲ ಅದನ್ನು ಪನಾಮಾ ಟೋಪಿ ಎಂದಿತು. ಸರಕಿಗೆ ಹೆಸರು ಕೊಡುವುದು ಬಹಳ ಸಲ ತಯಾರಿಕೆಯ ಸ್ಥಳವಲ್ಲ, ಪ್ರಯಾಣಿಕ ನಿಲ್ಲುವ ಸ್ಥಳ. ಮದ್ದೂರಿಗೆ ಹೆಸರಾದರೂ ಉಳಿದಿದೆ. ಬಿಸಿಯಾಗಿ ಬಾಣಲೆಯಿಂದ ತೆಗೆದ ವಡೆ ಮದ್ದೂರಿನ ಪೇಟೆಯಲ್ಲಿ ಸಿಗುತ್ತದೆಂಬ ಕಾರಣಕ್ಕೆ ರೈಲಿಳಿಯುವವನಿಗೆ ಒಂದು ಬೆಲೆಫಲಕ, ಕುಳಿತುಕೊಳ್ಳಲು ಬೆಂಚು, ಶುಚಿಯಾದ ಶೌಚಾಲಯ ಇದ್ದರೆ ಅವನು ಮುಂದಿನ ಗಾಡಿಗೆ ಕಾದಾನು. ಶೌಚಾಲಯದ ಮಾತನ್ನು ವ್ಯಾಪಾರಪತ್ರಿಕೆಯಲ್ಲಿ ಬರೆಯಬೇಕೇ ಎಂದು ಕೇಳುವವರು, ಮಹಿಳಾ ಪ್ರಯಾಣಿಕರ ಗುಂಪು ಯಾವ ಹೋಟೆಲಿನ ಮುಂದೆ ನಿಲ್ಲುತ್ತದೆಂಬುದನ್ನು ಒಂದು ಭಾನುವಾರ ಗಮನಿಸಿದರೆ ಸಾಕು.

ಮಳವಳ್ಳಿಗೆ ರೈಲಿಲ್ಲ. ಕನಕಪುರದ ಕಡೆಯಿಂದಲೂ ಮದ್ದೂರಿನ ಕಡೆಯಿಂದಲೂ ಬರುವ ಬಸ್ಸುಗಳೇ ಅದರ ಆಧಾರ. ಈ ತಾಲ್ಲೂಕಿನ ಗಗನಚುಕ್ಕಿ ಜಲಪಾತವನ್ನೂ, ನದಿಯಾಚೆ ಚಾಮರಾಜನಗರ ಜಿಲ್ಲೆಗೆ ಸೇರಿದ ಭರಚುಕ್ಕಿ ಹಾಗೂ ಮಧ್ಯರಂಗ ದೇವಾಲಯವನ್ನೂ ಜನ ಒಂದೇ ದಿನದಲ್ಲಿ ನೋಡುತ್ತಾರೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳುಹಿಸಿದ ಶಿವನಸಮುದ್ರದ ಕೇಂದ್ರವೂ ಇಲ್ಲಿಯೇ ಇದೆ. ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ಏರತೊಡಗಿದ್ದು 1974ರಲ್ಲಿ. ಹೀಗೆ ರಾಜಧಾನಿಯ ದೀಪಕ್ಕೂ ನೀರಿಗೂ ನೆರವಾದ ತಾಲ್ಲೂಕು ಅಲ್ಲಿಯ ಪ್ರವಾಸಿಯಿಂದ ಪಡೆಯುತ್ತಿರುವುದು ಅಲ್ಪ. ತೊಡಕಿರುವುದು ಕೊನೆಯ ಕೆಲವು ಕಿಲೋಮೀಟರುಗಳಲ್ಲಿ. ಕೊಳ್ಳೇಗಾಲದ ಬಸ್ಸಿನಿಂದ ಮುಖ್ಯರಸ್ತೆಯಲ್ಲಿಳಿದವನಿಗೆ ಜಲಪಾತದವರೆಗೆ ಹೋಗಲು ಆಟೊ ಬೇಕು. ದರ ಏನೆಂದು ಅವನಿಗೆ ತಿಳಿಯದು. ಹೋಗಿಬರುವುದಕ್ಕೆ ಗೊತ್ತಾದ ಬಾಡಿಗೆಯನ್ನು ಬಸ್ ನಿಲ್ದಾಣದಲ್ಲಿ ಬರೆದು ಹಾಕಿ, ತಲೆಗಿಷ್ಟು ಎಂಬ ಲೆಕ್ಕದಲ್ಲಿ ಆಟೊ ಓಡಿಸುವುದಕ್ಕೆ ಯಾವ ಸರ್ಕಾರಿ ಅನುದಾನವೂ ಬೇಕಾಗಿಲ್ಲ. ಸ್ಥಳೀಯ ವರ್ತಕರೂ ಆಟೊ ಚಾಲಕರೂ ಒಟ್ಟಿಗೆ ಕುಳಿತರೆ ಒಂದು ಸಂಜೆಯ ಕೆಲಸ. ಕೆಎಸ್‌ಆರ್‌ಟಿಸಿಯು ಸೋಮನಾಥಪುರ, ತಲಕಾಡು, ಶಿವನಸಮುದ್ರಗಳನ್ನು ಸೇರಿಸಿ ಬೆಂಗಳೂರಿನಿಂದ ವಾರಾಂತ್ಯದ ಪ್ಯಾಕೇಜ್ ಬಸ್ಸುಗಳನ್ನು ಓಡಿಸಿದ್ದುಂಟು. ಆದರೆ ಪ್ಯಾಕೇಜ್ ಬಸ್ಸು ತನಗೆ ಬೇಕಾದಲ್ಲಿ ನಿಲ್ಲುತ್ತದೆ. ಮಳವಳ್ಳಿಯ ಪೇಟೆಯಲ್ಲಿಯೇ ನಿಲ್ಲಬೇಕೆಂದಿಲ್ಲ.

ಮಂಡ್ಯ ನಗರವನ್ನು ಪ್ರವಾಸಿಗಳು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಅದೇ ತಾಲ್ಲೂಕಿನ ಬಸರಾಳಿನಲ್ಲಿ 1234ರಲ್ಲಿ ಹರಿಹರ ದಣ್ಣಾಯಕನು ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯವಿದೆ. ಹೊಯ್ಸಳ ಶಿಲ್ಪಕ್ಕಾಗಿ ದೂರದ ಬೇಲೂರಿನವರೆಗೆ ಹೋಗುವವರಲ್ಲಿ ಎಷ್ಟೋ ಮಂದಿ ಬಸರಾಳಿನ ಹೆಸರನ್ನೂ ಕೇಳಿರುವುದಿಲ್ಲ. ಮಂಡ್ಯದ ನಿಜವಾದ ಸರಕು ಬೆಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ‘ಒಂದು ಜಿಲ್ಲೆ, ಒಂದು ಉತ್ಪನ್ನ’ವೆಂದು ಮಂಡ್ಯಕ್ಕೆ ಆರಿಸಿದ್ದು ಬೆಲ್ಲವನ್ನೇ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿದು ಅಚ್ಚಿಗೆ ಇಳಿಯುವುದನ್ನು ನೋಡಲು ನಗರದ ಮಕ್ಕಳಿಗೆ ಎಷ್ಟು ಆಸಕ್ತಿಯೆಂಬುದು ಆಲೆಮನೆಯವರಿಗೆ ಗೊತ್ತು. ಅದಕ್ಕೆ ಇಷ್ಟು ಶುಲ್ಕವೆಂದು ಕೇಳುವ ಸಂಕೋಚ ಮಾತ್ರ ಹೋಗಿಲ್ಲ.

ಬಸ್ಸಿನ ಪ್ರವಾಸಿ ಹತ್ತು ಕೆ.ಜಿ. ಬೆಲ್ಲವನ್ನು ಹೊರಲಾರ. ಅವನಿಗೆ ಬೇಕಾದದ್ದು ಅರ್ಧ ಕೆ.ಜಿ.ಯ, ಚೀಲಕ್ಕೆ ಅಂಟದ ಪೊಟ್ಟಣ. ಸಣ್ಣ ತಯಾರಕರು ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲೇ ಕಟ್ಟಿ ಹೆಸರುಚೀಟಿ ಹಚ್ಚಿದ ಬೆಲ್ಲವನ್ನು 2022ರ ಜುಲೈ 18ರಿಂದ ಶೇ. 5ರ ಜಿಎಸ್‌ಟಿಗೆ ಒಳಪಡಿಸಲಾಯಿತು. ಗಿರಾಕಿಯ ಎದುರಿನಲ್ಲಿ ತೂಗಿ ಕೊಡುವ ಬಿಡಿ ಬೆಲ್ಲವನ್ನು ಅದರಿಂದ ಹೊರಗಿಡಲಾಯಿತು. ಪೊಟ್ಟಣದ ಮೇಲೆ ತೂಕ, ಬೆಲೆ, ಕಟ್ಟಿದ ದಿನಾಂಕ, ತಯಾರಕರ ವಿಳಾಸ, ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ ಇರಬೇಕಾದದ್ದು ಎರಡನೆಯದು. ಇವನ್ನು ತೊಂದರೆಯೆಂದು ಭಾವಿಸುವುದು ಸಹಜ. ಆದರೆ ಆ ವಿಳಾಸವನ್ನು ಕಂಡು ಬೆಂಗಳೂರಿನಿಂದ ಮರುಬೇಡಿಕೆ ಬರುವ ಸಾಧ್ಯತೆಯೂ ಅಲ್ಲಿಯೇ ಇದೆ.

ಋತುವಿನ ಲೆಕ್ಕವನ್ನೂ ಇಟ್ಟುಕೊಳ್ಳಬೇಕಾಗುತ್ತದೆ. ಕೊಕ್ಕರೆ ಬೆಳ್ಳೂರಿನ ಕಾಲ ಮುಗಿಯುತ್ತಿದ್ದಂತೆ ಮುಂಗಾರಿನ ಜಲಪಾತದ ಕಾಲ ಬರುತ್ತದೆ. ಬೇಸಿಗೆಯಲ್ಲಿ ಗಗನಚುಕ್ಕಿಯನ್ನು ನೋಡಬಂದವನು ಬರಿಯ ಬಂಡೆಯನ್ನು ಕಂಡು ಮರಳುತ್ತಾನೆ, ಮತ್ತೆ ಬರುವುದಿಲ್ಲ. ಅವನಿಗೆ ಅಂದು ಕೊಕ್ಕರೆ ಬೆಳ್ಳೂರಿನ ದಾರಿ ತೋರಿಸುವುದು ಲೇಸು. ಮಳೆಗಾಲದಲ್ಲಿ ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳ ಹೊರಹರಿವಿನ ಪ್ರಮಾಣ ದಿನಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ. ಎರಡು ನೀರೂ ಶಿವನಸಮುದ್ರವನ್ನು ಹಾದೇ ಹೋಗಬೇಕು. ಆ ಅಂಕಿ ಏರಿದ ವಾರದ ಶನಿವಾರ, ಭಾನುವಾರಗಳಿಗೆ ಎಷ್ಟು ಅಕ್ಕಿ ನೆನೆಹಾಕಬೇಕೆಂಬುದನ್ನು ಮಳವಳ್ಳಿಯ ಹೋಟೆಲಿನವರು ಬುಧವಾರವೇ ನಿರ್ಧರಿಸಬಹುದು.